ಕರಿ ಮಷಿನ್ನಿಗೆ ಎರಡು ಕೆಲಸ ಬೇಕಾಗಿವೆ

ಹೋದ ವರ್ಷ ಹೋಳಿ ಕಳೆದ ಮರುವಾರ, ಮಂಗಳವಾರ ಬೆಳಿಗ್ಗೆ ಹನ್ನೊಂದೂಕಾಲರ ಸುಮಾರಿಗೆ, ರಾಯಚೂರು ನಗರದ ಇಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದಲ್ಲಿ ಒಂದು ಚಹಾ ಚಮಚ ಕಾಣೆಯಾಯಿತು. ಪ್ರಾಣಹಾನಿ ವರದಿಯಾಗಲಿಲ್ಲ. ಅದನ್ನು ಕೊನೆಯ ಬಾರಿ ಸಕ್ಕರೆ ಡಬ್ಬಿಯ ಬಳಿ ನೋಡಿದವರು ನಮ್ಮ ಮಿಸ್ತ್ರಿ. ಅವರ ಹೇಳಿಕೆ ಪಡೆಯಲಾಯಿತು. ಮೂರು ದಿನ ಪ್ರಾಂಶುಪಾಲರಿಂದ ಹಿಡಿದು ಜವಾನರವರೆಗೆ ಎಲ್ಲರೂ ಪೆನ್ಸಿಲ್ಲಿನಿಂದ ಚಹಾ ಕಲಕಿದರು. ನಾಲ್ಕನೆಯ ದಿನ ಯಂತ್ರದ ಅಡಿಯ ಮುಚ್ಚಳ ಬಿಚ್ಚಿದಾಗ ಚಮಚ ಆಯಸ್ಕಾಂತವನ್ನು ಅಪ್ಪಿಕೊಂಡು ಕ್ಷೇಮವಾಗಿತ್ತು. ಅದರ ಸಂಗಡ ಎರಡು ಗುಂಡುಪಿನ್ನು, ಒಂದು ಕೀಲಿಕೈ ಮತ್ತು ಹಿಂದಿನ ವರ್ಷ ವರ್ಗವಾಗಿ ಹೋದ ಗುಮಾಸ್ತರ ಉಗುರು ಕತ್ತರಿ ಇದ್ದವು. ಗುಮಾಸ್ತರು ಹೋಗುವಾಗ ಆ ಕತ್ತರಿಯ ವಿಷಯದಲ್ಲಿ ಇಡೀ ಕಚೇರಿಯ ಜೊತೆ ಮಾತು ಬಿಟ್ಟಿದ್ದರು.

ದೊಡ್ಡ ಆಯಸ್ಕಾಂತ ಇರುವ ಕೋಣೆಯಲ್ಲಿ ನೌಕರಿ ಮಾಡುವವರಿಗೆ ಇಂಥವು ತಪ್ಪುವುದಿಲ್ಲ. ಒಂದನ್ನು ಬಿಡಿಸಿ ಮುಗಿಸುವಷ್ಟರಲ್ಲಿ ಇನ್ನೊಂದು ಬಂದು ಅಂಟಿಕೊಂಡಿರುತ್ತದೆ.

ಯಂತ್ರದ ಪರಿಚಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಎಣ್ಣೆಗೆ ಕುಂಕುಮಕ್ಕಿಂತ ಸಣ್ಣಗಿನ ಕಬ್ಬಿಣದ ಪುಡಿ ಮತ್ತು ಸಾಣೆ ಹಿಡಿಯುವ ಪುಡಿ ಬೆರೆಸಿದರೆ ಒಂದು ಕರಿ ದ್ರವ ಆಗುತ್ತದೆ. ಕರೆಂಟು ಹಾಕಿ ಆಯಸ್ಕಾಂತವನ್ನು ಎಬ್ಬಿಸಿದರೆ, ಅಂಬಲಿಯಂತಿದ್ದ ಈ ದ್ರವ ಕಣ್ಣು ಮಿಟುಕಿಸುವುದರೊಳಗೆ ರೊಟ್ಟಿಯ ಹಿಟ್ಟಿನಂತೆ ಗಟ್ಟಿಯಾಗುತ್ತದೆ. ಕರೆಂಟು ತೆಗೆದರೆ ಮತ್ತೆ ಅಂಬಲಿ. ಆ ಗಟ್ಟಿ ಹಿಟ್ಟನ್ನು ತಿರುಗಿಸುತ್ತ ಒಂದು ವಸ್ತುವಿನ ಮೈಗೆ ಸವರಿದರೆ ಮೈ ನುಣುಪಾಗುತ್ತದೆ. ಎಷ್ಟು ನುಣುಪೆಂದರೆ, ಒಂದು ಕೂದಲನ್ನು ಹತ್ತು ಸಾವಿರ ಎಳೆಯಾಗಿ ಸೀಳಿದರೆ ಎಷ್ಟು ದಪ್ಪ ಬರುತ್ತದೋ ಅದಕ್ಕಿಂತ ದೊಡ್ಡ ಉಬ್ಬು ಅದರ ಮೇಲೆ ಉಳಿಯುವುದಿಲ್ಲ. ದೂರದರ್ಶಕದ ಮಸೂರ, ಮೊಳಕಾಲಿಗೆ ಕೂಡಿಸುವ ಲೋಹದ ಕೀಲು, ಇಂಥವಕ್ಕೆಲ್ಲ ಈ ನುಣುಪು ಬೇಕು. ರಾಯಚೂರಿನಲ್ಲಿ ದೂರದರ್ಶಕ ಮಾಡುವವರು ಯಾರೂ ಇಲ್ಲ. ಈ ಸಂಗತಿಯನ್ನು ಯಂತ್ರ ಬಂದಿಳಿದ ಮೇಲೆ ಗಮನಿಸಲಾಯಿತು.

ಯಂತ್ರದ ಹೆಸರು ಒಂದೂವರೆ ಸಾಲು ಉದ್ದವಿದೆ. ಕಾಲೇಜಿನಲ್ಲಿ ಎಲ್ಲರೂ ಅದನ್ನು ಕರಿ ಮಷಿನ್ ಅನ್ನುತ್ತಾರೆ. ಅದನ್ನು ನಡೆಸುವವರು ಇಬ್ಬರು: ಕಾಗದದ ಮೇಲೆ ನಾನು, ಉಳಿದ ಎಲ್ಲ ಕಡೆ ಮಿಸ್ತ್ರಿ. ಮಿಸ್ತ್ರಿಗೆ ಐವತ್ತೆರಡು ವರ್ಷ. ದಿನಾ ಯಾಪಲದಿನ್ನಿಯಿಂದ ಬಸ್ಸಿಗೆ ಬರುತ್ತಾರೆ. ಬೇಸಿಗೆಯಲ್ಲಿ ಕಬ್ಬಿಣದ ಪುಡಿ ದ್ರವದ ತಳಕ್ಕೆ ಕೂತು ಗಟ್ಟಿಯಾಗುತ್ತದೆ ಎಂದು ನಾನು ಒಂದು ವಿದೇಶಿ ಕಲಕುವ ಉಪಕರಣಕ್ಕೆ ಅರ್ಜಿ ಹಾಕಿದ್ದೆ. ಅರ್ಜಿ ಮೂರು ಮೇಜು ದಾಟುವುದರೊಳಗೆ ಮಿಸ್ತ್ರಿ ಮನೆಯಿಂದ ಮಜ್ಜಿಗೆಯ ಕಡಗೋಲು ತಂದು ಕೆಲಸ ಮುಗಿಸಿದ್ದರು.

ಹೀಗಿರುವಾಗ ಯಂತ್ರ ಕೊಟ್ಟ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ಆರು ತಿಂಗಳೊಳಗೆ ಈ ಘಟಕ ಸ್ಥಳೀಯರಿಗಾಗಿ ಕನಿಷ್ಠ ಎರಡು ಕೆಲಸ ಮಾಡಿಕೊಟ್ಟು, ಮಾಡಿಸಿಕೊಂಡವರಿಂದ ಪತ್ರ ಪಡೆದಿರಬೇಕು. ಇಲ್ಲವಾದರೆ ಯಂತ್ರವನ್ನು ಬೇರೆ ಊರಿಗೆ ಸಾಗಿಸಲಾಗುವುದು. ಮಿಸ್ತ್ರಿಯ ನೇಮಕ ಇದ್ದದ್ದು ಯಂತ್ರದ ಹೆಸರಿನಲ್ಲಿ. ಯಂತ್ರ ಲಾರಿ ಹತ್ತಿದ ದಿನ ಅವರ ನೌಕರಿಯೂ ಇಳಿಯುತ್ತದೆ.

ಪತ್ರವನ್ನು ಅವರಿಗೆ ಓದಿ ಹೇಳಿದೆ. ಕಡಗೋಲು ನಿಲ್ಲಿಸದೆ ಕೇಳಿದರು. "ಎರಡೇ ಕೆಲಸ ಏನ್ರಿ ಸರ? ಇಷ್ಟು ದೊಡ್ಡ ಜಿಲ್ಲಾದಾಗ ಎರಡು ಮಂದಿಗೆ ನುಣುಪು ಬ್ಯಾಡೇನ್ರಿ?"

ಬೇಡ ಎಂದು ತಿಳಿಯಲು ಐದು ತಿಂಗಳು ಹಿಡಿಯಿತು.

೧. ಟ್ರಾಕ್ಟರಿನ ಗುಡ್ಡಗಳು

ಮೊದಲು ಯಂತ್ರ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ತೋರಿಸಬೇಕಲ್ಲ. ಒಂದು ಹಿತ್ತಾಳೆಯ ಬಿಲ್ಲೆಯನ್ನು ಎರಡು ದಿನ ತಿಕ್ಕಿಸಿ, ನುಣುಪು ಅಳೆಯುವ ಉಪಕರಣದ ಕೆಳಗೆ ಇಟ್ಟೆವು. ಅದಕ್ಕೆ ಸೂಜಿಯಂಥ ಒಂದು ಮೊನೆ. ಆ ಮೊನೆ ವಸ್ತುವಿನ ಮೈಮೇಲೆ ನಡೆದು ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂದು ಪರದೆಯ ಮೇಲೆ ಗೆರೆ ಎಳೆಯುತ್ತದೆ. ನಮ್ಮ ಗೆರೆ ನೇರವಾಗಿ ಬರಬೇಕಾಗಿತ್ತು. ಬಂದದ್ದು ಗುಡ್ಡಗಳ ಸಾಲು.

ಮತ್ತೆ ತಿಕ್ಕಿದೆವು. ಮತ್ತೆ ಗುಡ್ಡ. ಮೂರನೆಯ ಸಲ ನಾನು ತಲೆ ಹಿಡಿದುಕೊಂಡು ಕೂತಾಗ ಮಿಸ್ತ್ರಿ ಪರದೆ ನೋಡುವುದನ್ನು ಬಿಟ್ಟು ಕಿಟಕಿಯ ಹೊರಗೆ ನೋಡಿದರು.

"ಸರ, ಗುಡ್ಡ ನಮ್ಮವಲ್ಲ. ಹತ್ತಿ ಟ್ರಾಕ್ಟರಿಂದು."

ಖರೆ. ಅದು ಹತ್ತಿಯ ಕಾಲ. ಕಾಲೇಜಿನ ಗೋಡೆಗೆ ತಾಗಿರುವ ರಸ್ತೆಯಲ್ಲಿ ಮಾರುಕಟ್ಟೆಗೆ ಹೋಗುವ ಟ್ರಾಕ್ಟರುಗಳು ಬೆಳಗಿನಿಂದ ಸಾಲು ಹಚ್ಚಿದ್ದವು. ಒಂದೊಂದು ಟ್ರಾಕ್ಟರ್ ತಗ್ಗಿಗೆ ಇಳಿದಾಗಲೂ ನೆಲ ನಡುಗಿ ನಮ್ಮ ಸೂಜಿ ಒಂದೊಂದು ಗುಡ್ಡ ಎಬ್ಬಿಸುತ್ತಿತ್ತು. ಒಂದು ವಾರದಲ್ಲಿ ಮಿಸ್ತ್ರಿ ಗೆರೆ ನೋಡಿ ಲೋಡು ಹೇಳುವಷ್ಟು ಪಳಗಿದರು. "ಇದು ಖಾಲಿ ಹೊಂಟದ್ರಿ. ಇದು ಭತ್ತ, ಹತ್ತಿಯಲ್ಲ. ಇಂವ ಯಾವನೋ ತಗ್ಗು ತಪ್ಪಿಸಾಕ ಹೋಗಿ ಎರಡನೇದ್ರಾಗ ಬಿದ್ದಾನ್ರಿ."

ಆ ವಾರದ ಕೊನೆಗೆ ಹಿತ್ತಾಳೆ ಬಿಲ್ಲೆಯ ಒರಟುತನ ಎಷ್ಟೆಂದು ನಮಗೆ ತಿಳಿದಿರಲಿಲ್ಲ. ರಸ್ತೆಯ ಒರಟುತನ ಎಷ್ಟೆಂದು ಕರಾರುವಾಕ್ಕಾಗಿ ತಿಳಿದಿತ್ತು. ಅದು ಊರಿನವರಿಗೆ ಯಂತ್ರ ಇಲ್ಲದೆಯೂ ಗೊತ್ತಿತ್ತು.

೨. ಮಾನ್ವಿಯ ಅಕ್ಕಿ

ಟ್ರಾಕ್ಟರ್ ಇಲ್ಲದ ಭಾನುವಾರ ಅಳತೆ ಮುಗಿಸಿ, ಬಿಲ್ಲೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಾವಿಬ್ಬರೂ ಮಾನ್ವಿಗೆ ಹೋದೆವು. ಅಲ್ಲಿ ಒಂದು ಅಕ್ಕಿ ಗಿರಣಿ, ಹಣೆತುಂಬ ವಿಭೂತಿ ಹಚ್ಚಿದ ಮಾಲೀಕರು. ಬಿಲ್ಲೆಯಲ್ಲಿ ತಮ್ಮ ಮುಖ ನೋಡಿಕೊಂಡು ವಿಭೂತಿ ಸರಿಮಾಡಿಕೊಂಡರು. ಆಮೇಲೆ ವ್ಯವಹಾರಕ್ಕೆ ಬಂದರು.

"ಇದು ಎಲ್ಲಾ ಸರಿ ಅದರಿ. ಇದರಿಂದ ನುಚ್ಚು ಕಡಿಮಿ ಆಗ್ತದೇನ್ರಿ?"

ಅಕ್ಕಿಗೆ ಪಾಲಿಶ್ ಕೊಡುವ ಯಂತ್ರದೊಳಗೆ ಒಂದು ತೂತಿನ ಜಾಲರಿ ಇರುತ್ತದೆ. ಅದರ ಮೈ ಒರಟಾಗಿದ್ದರೆ ಕಾಳು ಮುರಿದು ನುಚ್ಚಾಗುತ್ತದೆ. ಜಾಲರಿಯ ಒಳಮೈ ಕನ್ನಡಿಯಾದರೆ ಕಾಳು ಮುರಿಯಲಾರದು. ನನಗೆ ಇದು ಬಹಳ ಒಳ್ಳೆಯ ವಿಚಾರ ಅನ್ನಿಸಿತು. ಜಾಲರಿಯನ್ನು ರಾಯಚೂರಿಗೆ ತಂದೆವು.

ಜಾಲರಿ ಕಬ್ಬಿಣದ್ದು ಎಂಬುದನ್ನು ನಾನು ಗಮನಿಸಿದ್ದೆ. ಆಯಸ್ಕಾಂತಕ್ಕೆ ಸಿಕ್ಕ ಕಬ್ಬಿಣ ತಾನೂ ಸ್ವಲ್ಪ ಆಯಸ್ಕಾಂತವಾಗುತ್ತದೆ ಎಂಬುದನ್ನು ಹದಿನೆಂಟು ವರ್ಷದಿಂದ ಪಾಠ ಮಾಡಿದ್ದೆ. ಎರಡನ್ನೂ ಒಟ್ಟಿಗೆ ನೆನಪಿಸಿಕೊಳ್ಳಲಿಲ್ಲ. ಕರೆಂಟು ತೆಗೆದ ಮೇಲೂ ಜಾಲರಿ ಕರಿ ದ್ರವವನ್ನು ಬಿಡಲಿಲ್ಲ. ತೂತು ತೂತಿನಲ್ಲಿ ಕಬ್ಬಿಣದ ಪುಡಿ ಕೂತಿತು. ಮಿಸ್ತ್ರಿ ಎರಡು ದಿನ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದರು. ಕಣ್ಣಿಗೆ ಸ್ವಚ್ಛ ಕಂಡಿತು. ಒಯ್ದು ಕೂಡಿಸಿ, ಒಂದು ಚೀಲ ಸೋನಾ ಮಸೂರಿ ಹಾಕಿದೆವು.

ಕಾಳು ಒಂದೂ ಮುರಿಯಲಿಲ್ಲ. ಇದನ್ನು ಒತ್ತಿ ಹೇಳಬೇಕು. ಆದರೆ ಅಕ್ಕಿ ಕರಿ ಎಳ್ಳಿನ ಬಣ್ಣಕ್ಕೆ ತಿರುಗಿತ್ತು.

ಮಾಲೀಕರು ಸಿಟ್ಟಾಗಲಿಲ್ಲ. ಒಂದು ಹಿಡಿ ಅಕ್ಕಿ ಎತ್ತಿಕೊಂಡು ನಮ್ಮನ್ನು ಗಿರಣಿಯ ಬಾಯಿಗೆ ಕರೆದೊಯ್ದರು. ಭತ್ತ ಸುರಿಯುವ ಕಡೆ ದಪ್ಪ ಆಯಸ್ಕಾಂತದ ಪಟ್ಟಿ ಹಾಕಿತ್ತು. ಅದರ ಮೇಲೆ ಮೊಳೆ, ತಂತಿಯ ಚೂರು ಅಂಟಿದ್ದವು.

"ನೋಡ್ರಿ ಸರ. ನಾವು ಅಕ್ಕಿಯೊಳಗಿನ ಕಬ್ಬಿಣ ತೆಗಿಯಾಕ ಮ್ಯಾಗ್ನೆಟ್ ಇಟ್ಟೀವಿ. ನೀವು ಮ್ಯಾಗ್ನೆಟ್ ಇಟ್ಟು ಅಕ್ಕಿಯೊಳಗ ಕಬ್ಬಿಣ ಹಾಕೀರಿ. ದೊಡ್ಡ ಓದು ಬಿಡ್ರಿ."

ಪತ್ರ ಕೊಡುವಿರಾ ಎಂದು ನಾನು ಕೇಳಿದೆ. ಕೇಳಬಾರದಿತ್ತು.

"ಕೊಡ್ತೀನ್ರಿ. ಮಷಿನ್ ನೋಡೀನಿ ಅಂತ ಬರೀತೀನಿ. ಈ ಅಕ್ಕಿ ಒಂದು ಕಿಲೋ ಪತ್ರದ ಜೋಡಿ ಕಟ್ಟಿ ಕಳಸ್ತೀನಿ. ಮ್ಯಾಲಿನವರು ಉಂಡು ಹೇಳಲಿ."

೩. ಕವಿತಾಳದ ನಿಲ್ದಾಣದಲ್ಲಿ

ಸಿರವಾರದ ಕಡೆ ಇನ್ನೊಂದೆರಡು ಗಿರಣಿ ನೋಡಿ (ಮಾನ್ವಿಯ ಅಕ್ಕಿಯ ಸುದ್ದಿ ನಮಗಿಂತ ಮೊದಲೇ ಅಲ್ಲಿ ತಲುಪಿತ್ತು) ಕವಿತಾಳದ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಸುತ್ತಿಗೆ ಉಳಿ ಹಿಡಿದು ಒಂದು ಬೀಸುವ ಕಲ್ಲನ್ನು ಟಕಟಕ ಕುಟ್ಟುತ್ತಿದ್ದಳು. ಬೀಸಿ ಬೀಸಿ ನುಣುಪಾದ ಕಲ್ಲು ಜೋಳ ಹಿಡಿಯುವುದಿಲ್ಲ. ಅದನ್ನು ಕುಟ್ಟಿ ಮತ್ತೆ ಒರಟು ಮಾಡುವುದು ಆಕೆಯ ಕಸುಬು. ಅವಳೆದುರು ನಾಲ್ಕು ಮಂದಿ ಕಲ್ಲು ಇಟ್ಟುಕೊಂಡು ಪಾಳಿ ಹಚ್ಚಿದ್ದರು. ನಮ್ಮ ಯಂತ್ರದೆದುರು ಅದುವರೆಗೆ ಅಷ್ಟು ಮಂದಿ ನಿಂತಿರಲಿಲ್ಲ.

ನನ್ನ ಕೈಯಲ್ಲಿದ್ದ ಹೊಳೆಯುವ ಬಿಲ್ಲೆ ನೋಡಿ ಆಕೆ ಕೇಳಿದಳು. "ಅದು ಏನ್ರಿ ಯಪ್ಪಾ?"

"ನಾವು ಇದನ್ನ ನುಣ್ಣಗ ಮಾಡೀವಿ ಯವ್ವಾ. ಅದೇ ನಮ್ಮ ಕೆಲಸ."

ಆಕೆ ಸುತ್ತಿಗೆ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಪಗಾರ ಕೊಡ್ತಾರೇನ್ರಿ ಇದಕ್ಕ?"

"ಕೊಡ್ತಾರ."

"ಯಾಕ್ರಿ? ನುಣ್ಣಗ ಆಗೂದು ಏನು ದೊಡ್ಡ ಮಾತು. ಬಳಸ್ಕೋತ ಹೋದ್ರ ತಾನ ಆಗ್ತದ."

ಬಸ್ಸು ಬಂತು. ರಾಯಚೂರಿನಲ್ಲಿ ಇಳಿಯುವಾಗ ಮಿಸ್ತ್ರಿ ಹೇಳಿದರು. "ಸರ, ಆಕಿ ಹೇಳಿದ್ದು ಮ್ಯಾಲಿನವರಿಗೆ ಹೇಳಬ್ಯಾಡ್ರಿ."

೪. ಬಂಗಾರದ ಅಂಗಡಿಯವರು

ಕಬ್ಬಿಣ ಬೇಡ ಎಂದು ತೀರ್ಮಾನಿಸಿ ಬಂಗಾರಕ್ಕೆ ಏರಿದೆವು. ರಾಯಚೂರಿನ ಬಜಾರಿನ ಒಬ್ಬ ಅಂಗಡಿಯವರು ಒಂದು ಬಿಲ್ವಾರದ ಬಳೆ ಹಿಡಿದುಕೊಂಡು ತಾವೇ ಬಂದರು. ಕೈಯಿಂದ ಮೆರುಗು ಕೊಟ್ಟರೆ ಮೂಲೆಗಳು ಹೊಳೆಯುವುದಿಲ್ಲ, ನಿಮ್ಮದು ಮೂಲೆಗೂ ಹೋಗುತ್ತದಂತಲ್ಲ ಎಂದರು. ಹೋಗುತ್ತದೆ. ಮೂರು ತಾಸಿನಲ್ಲಿ ಬಿಲ್ವಾರ ಬೆಂಕಿಯ ಹಾಗೆ ಹೊಳೆಯಿತು. ಅಂಗಡಿಯವರು ಮೂರು ತಾಸೂ ಕುರ್ಚಿ ಬಿಟ್ಟು ಕದಲಲಿಲ್ಲ.

"ಬಹಳ ಚಂದ ಆಗ್ಯಾದ್ರಿ. ಈಗ ಆ ಕರಿ ಎಣ್ಣಿ ಕೊಡ್ರಿ."

"ಅದ್ಯಾಕ್ರಿ?"

"ಬಿಲ್ವಾರ ಸವದದ. ಸವದದ್ದು ಎಲ್ಲಿ ಹೋತು? ಅದರಾಗ ಅದ."

ತಪ್ಪೇನಿಲ್ಲ. ಅಕ್ಕಸಾಲಿಗರ ಅಂಗಡಿಯಲ್ಲಿ ಕಸ ಗುಡಿಸಿ ಚೆಲ್ಲುವುದಿಲ್ಲ, ಕೈ ತೊಳೆದ ನೀರೂ ಹೊರಗೆ ಹೋಗುವುದಿಲ್ಲ. ಅದರೊಳಗಿನ ಬಂಗಾರದ ಪುಡಿ ವರ್ಷಕ್ಕೊಮ್ಮೆ ಕರಗಿ ಮತ್ತೆ ಬಂಗಾರವಾಗುತ್ತದೆ. ನಮ್ಮ ಯಂತ್ರ ಸವೆಸುವ ಬಂಗಾರ ಇರುವೆಯ ಕಾಲಿಗೆ ಹತ್ತುವಷ್ಟೂ ಇರುವುದಿಲ್ಲ ಎಂದು ನಾನು ಲೆಕ್ಕ ಬರೆದು ತೋರಿಸಿದೆ. ಅವರು ಲೆಕ್ಕವನ್ನು ಗೌರವದಿಂದ ನೋಡಿದರು. "ಇರುವಿ ಆದ್ರೂ ನಮ್ಮದೇ ಅಲ್ರಿ" ಅಂದರು.

ದ್ರವ ಪೂರ್ತಿ ಕೊಡದಲ್ಲಿ ಹೋಯಿತು. ಮಿಸ್ತ್ರಿ ಕೈ ತೊಳೆದ ನೀರು ಒಂದು ಚರಿಗೆಯಲ್ಲಿ. ನನ್ನ ಬಿಳಿ ಕೋಟನ್ನು ಪೇಪರಿನ ಮೇಲೆ ಝಾಡಿಸಿದರು. ಬಾಗಿಲವರೆಗೆ ಹೋದವರು ತಿರುಗಿ ನೋಡಿ, "ಮಿಸ್ತ್ರಿಯವ್ರ, ಜರಾ ಮೀಸಿ" ಅಂದರು. ಮಿಸ್ತ್ರಿ ಪೇಪರಿನ ಮೇಲೆ ಬಾಗಿ ಮೀಸೆ ಬಾಚಿ ಕೊಟ್ಟರು.

ಪತ್ರ ಮಾತ್ರ ಕೊಡಲಿಲ್ಲ. "ಪತ್ರ ಕೊಟ್ರ ಬಂಗಾರ ಸವದದ್ದು ನಾನ ಬರದು ಒಪ್ಪಿಕೊಂಡಂಗ. ಗಿರಾಕಿ ಓದಿದ್ರ ಏನು ಹೇಳ್ಲಿ?" ಹೊಸ ದ್ರವ ಬರುವವರೆಗೆ ಒಂದು ತಿಂಗಳು ಕರಿ ಮಷಿನ್ ಒಣ ನಿಂತಿತು. ಮಿಸ್ತ್ರಿ ಮೀಸೆ ತೆಗೆಸಿದರು. ಕಾರಣ ಕೇಳಿದರೆ ಸೆಖೆ ಎಂದರು.

೫. ಇಲ್ಲ ಅನ್ನದ ಮುಖ

ಕೊನೆಯ ತಿಂಗಳಲ್ಲಿ ದೇವದುರ್ಗದ ಕಡೆಯ ಒಂದು ಹಳ್ಳಿಯಿಂದ ಇಬ್ಬರು ಬಂದರು. ಒಬ್ಬರು ಊರಿನ ಗೌಡರು, ಇನ್ನೊಬ್ಬರು ಗುಡಿಯ ಪೂಜಾರಿ, ಎಂಬತ್ತರ ಮುದುಕರು. ಕೆಂಪು ವಸ್ತ್ರ ಬಿಚ್ಚಿದರೆ ಒಳಗೆ ದೇವರ ಬೆಳ್ಳಿಯ ಮುಖ. ತಲೆತಲಾಂತರದಿಂದ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಮೈತುಂಬ ಗೀರು ಬಿದ್ದು ಮಂಕಾಗಿತ್ತು. ಶ್ರಾವಣದೊಳಗೆ ಹೊಳೆಯಬೇಕು ಎಂಬುದು ಊರಿನ ಆಸೆ. ನಮ್ಮ ಕಾಲೇಜಿನಲ್ಲಿ ಓದುವ ಆ ಊರಿನ ಹುಡುಗಿಯೊಬ್ಬಳು ನಮ್ಮ ವಿಳಾಸ ಕೊಟ್ಟಿದ್ದಳು.

ಬೆಳ್ಳಿ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಈ ಸಲ ನಾನು ಎರಡು ಸಲ ನೆನಪಿಸಿಕೊಂಡೆ. ಮಿಸ್ತ್ರಿ ಸ್ನಾನ ಮಾಡಿ ಬಂದು ಕೆಲಸಕ್ಕೆ ಕೈ ಹಚ್ಚಿದರು. ಎರಡು ದಿನ ತಿಕ್ಕಿದೆವು. ಮೂರನೆಯ ದಿನ ನಾನು ಹುಬ್ಬು, ಮೂಗು, ಕೆನ್ನೆ ಎಲ್ಲವನ್ನೂ ಅಳೆದೆ. ಹದಿನೆಂಟು ವರ್ಷದ ನೌಕರಿಯಲ್ಲಿ ಅಷ್ಟು ನುಣುಪನ್ನು ನಾನು ಕಂಡಿರಲಿಲ್ಲ. ಪೂಜಾರಿ ಮುಖ ನೋಡಿ ಅಲ್ಲೇ ಅಡ್ಡಬಿದ್ದರು. ಗೌಡರು ಕಣ್ಣೊರೆಸಿಕೊಂಡು ಪತ್ರಕ್ಕೆ ಸಹಿ ಹಾಕಿದರು. ಒಂದು ಕೆಲಸ ಆಯಿತು.

ಎರಡನೆಯದು ಸಿಗಲಿಲ್ಲ. ನೋಡನೋಡುತ್ತ ಪರಿಶೀಲನೆಯ ದಿನ ಬಂತು. ಮೇಲಿನಿಂದ ಮೂವರು ಬಂದರು. ಅಧ್ಯಕ್ಷರು ಶಿಸ್ತಿನ ಮನುಷ್ಯರು. ಕೂತವರೇ, "ಎರಡು ಪತ್ರ" ಎಂದು ಕೈ ಚಾಚಿದರು. ನಾನು ಒಂದನ್ನು ಕೊಟ್ಟೆ. ಅವರು ಅದನ್ನು ತಿರುಗಿಸಿ ಹಿಂದೆ ನೋಡಿದರು. ಹಿಂದೆ ಏನೂ ಇರಲಿಲ್ಲ. ಮಿಸ್ತ್ರಿ ಮೂಲೆಯಲ್ಲಿ ನಿಂತು ತಮ್ಮ ಕಡಗೋಲನ್ನು ಬಟ್ಟೆಯಲ್ಲಿ ಸುತ್ತಿಕೊಳ್ಳತೊಡಗಿದರು. ಮನೆಗೆ ಒಯ್ಯಲು.

ಆಗ ಬಾಗಿಲು ದೂಡಿಕೊಂಡು ಗೌಡರು ಮತ್ತು ಪೂಜಾರಿ ಬಂದರು. ಕಂಕುಳಲ್ಲಿ ಅದೇ ಕೆಂಪು ವಸ್ತ್ರದ ಗಂಟು.

"ಸಾಹೇಬ್ರ, ನಾ ಕೊಟ್ಟ ಪತ್ರ ವಾಪಸ್ ಕೊಡ್ರಿ. ದೇವ್ರನ್ನ ಕೆಡಿಸೀರಿ ನೀವು."

ಅಧ್ಯಕ್ಷರು ಕನ್ನಡಕ ಏರಿಸಿಕೊಂಡರು. "ಯಾರಿವರು?"

"ಪತ್ರ ಬರೆದವರು" ಎಂದೆ.

ಗೌಡರು ಹೇಳಿದ ತಕರಾರು ಹೀಗಿತ್ತು. ಆ ಗುಡಿಯಲ್ಲಿ ಹೂ ಕೇಳುವ ಪದ್ಧತಿ. ದೇವರ ಎರಡೂ ಕೆನ್ನೆಗೆ ಒದ್ದೆ ಮಾಡಿದ ಹೂವಿನ ಎಸಳು ಅಂಟಿಸಿ, ಮನಸ್ಸಿನ ಮಾತು ಕೇಳಿ ಕೈಮುಗಿದು ಕೂಡಬೇಕು. ಬಲಗಡೆಯ ಎಸಳು ಮೊದಲು ಬಿದ್ದರೆ ಹೂಂ. ಎಡಗಡೆಯದು ಬಿದ್ದರೆ ಇಲ್ಲ. ದೇವರು ಒಮ್ಮೊಮ್ಮೆ ತಾಸುಗಟ್ಟಲೆ ಯೋಚನೆ ಮಾಡುತ್ತಿದ್ದ. ನಮ್ಮ ಯಂತ್ರಕ್ಕೆ ಹೋಗಿ ಬಂದ ಮೇಲೆ ಯೋಚನೆಯೇ ಇಲ್ಲ. ಅಂಟಿಸಿದ ಕೂಡಲೇ ಬಲಗಡೆಯ ಎಸಳು ಜಾರಿ ಬೀಳುತ್ತದೆ.

"ಮೊದಲನೇ ದಿನ ಮಂದಿ ಖುಷಿ ಆದ್ರು" ಎಂದರು ಗೌಡರು. "ಮೂವತ್ತು ಮಂದಿ ಕೇಳಿದ್ರು, ಮೂವತ್ತಕ್ಕೂ ಹೂಂ ಅಂದ. ಮರುದಿನ ಒಬ್ಬ ಎತ್ತು ಮಾರ್ಲೇನಪಾ ಅಂದ, ಹೂಂ ಅಂದ. ಅವನ ಹೇಂತಿ ಹಿಂದ ನಿಂತಿದ್ಲು, ಮಾರೂದು ಬ್ಯಾಡಲ್ಲಪಾ ಅಂದ್ಲು, ಅದಕ್ಕೂ ಹೂಂ ಅಂದ. ಭತ್ತದವರು ಮಳಿ ಬರ್ಲಿ ಅಂದ್ರು, ಹೂಂ. ಮೆಣಸಿನಕಾಯಿ ಒಣ ಹಾಕಿದವರು ಬರೂದು ಬ್ಯಾಡ ಅಂದ್ರು, ಹೂಂ. ಅಣ್ಣ ತಮ್ಮ ಇಬ್ಬರು ಒಂದ ಬದುವಿನ ಸಲುವಾಗಿ ಹತ್ತು ವರ್ಷದಿಂದ ಬಡದಾಡಾಕತ್ತಾರ. ನಂದೇನಪಾ ಅಂತ ಇಬ್ಬರೂ ಕೇಳಿದ್ರು. ಇಬ್ಬರಿಗೂ ಹೂಂ ಅಂದ. ಈಗ ಇಬ್ಬರೂ ಬಡಿಗಿ ಹಿಡಕೊಂಡು ದೇವ್ರೇ ಕೊಟ್ಟಾನ ಅನ್ನಾಕತ್ತಾರ."

"ಎಲ್ಲರಿಗೂ ಒಳ್ಳೆಯದೇ ಹೇಳುತ್ತಾನಲ್ಲ" ಎಂದರು ಅಧ್ಯಕ್ಷರು.

"ಸಾಹೇಬ್ರ, ಇಲ್ಲಾ ಅನ್ನದ ದೇವ್ರ ಹೂಂ ತಗೊಂಡು ಏನು ಮಾಡೂದ್ರಿ? ಮೊದಲು ಇಲ್ಲಾ ಅನ್ನೂದು ಅವನ ಕೆಲಸ ಇತ್ತು. ಯಾರೂ ಸಿಟ್ಟಾಗ್ತಿದ್ದಿಲ್ಲ. ಈಗ ಆ ಕೆಲಸ ನನ್ನ ಕೊರಳಿಗೆ ಬಂದದ. ಹದಿನೈದು ದಿನದಾಗ ಊರಾಗ ನನ್ನ ಮಾತಾಡ್ಸೋರು ಇಲ್ದಂಗಾತು."

ನಾನು ಮುಖವನ್ನು ಬೆಳಕಿಗೆ ಹಿಡಿದು ನೋಡಿದೆ. ಯಾವ ಕಾಲದಲ್ಲೋ ಆ ಮುಖ ಮಾಡಿದ ಅಕ್ಕಸಾಲಿಗ ಬಲಗೆನ್ನೆಯನ್ನು ಕೂದಲೆಳೆಯಷ್ಟು ಹೆಚ್ಚು ಕಡಿದಾಗಿ ಬಡಿದಿದ್ದ. ಇಷ್ಟು ಕಾಲ ಗೀರುಗಳು ಎಸಳನ್ನು ಹಿಡಿದು, ಎರಡೂ ಕೆನ್ನೆಗೆ ಸಮಾನ ಅವಕಾಶ ಕೊಟ್ಟಿದ್ದವು. ನಾವು ಗೀರು ತೆಗೆದೆವು. ಈಗ ನ್ಯಾಯ ಬಲಕ್ಕೆ ಜಾರುತ್ತಿತ್ತು.

ಅಧ್ಯಕ್ಷರ ಕುತೂಹಲ ಕೆರಳಿತ್ತು. ಪೂಜಾರಿಯ ಬುಟ್ಟಿಯಿಂದ ಸೇವಂತಿಗೆ ತೆಗೆದುಕೊಂಡು, ಫ್ಯಾನು ಆರಿಸಲು ಹೇಳಿ, ಎಸಳು ಅಂಟಿಸಿದರು. ಬಲಗಡೆಯದು ಬಿತ್ತು. ಮತ್ತೆ ಅಂಟಿಸಿದರು. ಬಲ. ಹತ್ತು ಸಲ ಮಾಡಿ ಹತ್ತನ್ನೂ ಬರೆದುಕೊಂಡರು. ಅವರ ಮುಖ ಅರಳಿತು.

"ಹತ್ತಕ್ಕೆ ಹತ್ತು! ಫಲಿತಾಂಶದಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಇಂಥ ಸ್ಥಿರತೆ ದೊಡ್ಡ ದೊಡ್ಡ ಸಂಸ್ಥೆಗಳಲ್ಲೂ ನೋಡಿಲ್ಲ."

"ಅದ ತಕರಾರ್ರಿ ಯಪ್ಪಾ" ಎಂದರು ಪೂಜಾರಿ. ಅಲ್ಲಿಯವರೆಗೆ ಅವರು ಆಡಿದ ಮೊದಲ ಮಾತು ಅದು.

ಮುಂಚಿನ ಹಾಗೆ ಮಾಡಿಕೊಡಿ ಎಂದು ಗೌಡರು ಪಟ್ಟು ಹಿಡಿದರು. ನಾನು ಯೋಚಿಸಿ ಹೇಳಿದೆ: ನುಣುಪು ಮಾಡುವುದಕ್ಕೆ ವಿಧಾನ ಇದೆ, ಇಂತಿಷ್ಟೇ ಒರಟು ಮಾಡುವುದಕ್ಕೆ ಅಧ್ಯಯನ ಬೇಕು, ಆರು ತಿಂಗಳು ಹಿಡಿಯಬಹುದು. ಅಧ್ಯಕ್ಷರು ಒಪ್ಪಿ ತಲೆಯಾಡಿಸಿದರು. ಈ ಮಾತು ನಡೆದಾಗ ಮಿಸ್ತ್ರಿ ಕೋಣೆಯಲ್ಲಿ ಇರಲಿಲ್ಲ. ಎದುರಿನ ಹೋಟೆಲಿಗೆ ಹೋಗಿದ್ದರು. ಬಂದಾಗ ಒಂದು ಕೈಯಲ್ಲಿ ಹುಣಸೆಹಣ್ಣು, ಇನ್ನೊಂದರಲ್ಲಿ ಒಲೆಯ ಬೂದಿ ಮತ್ತು ತೆಂಗಿನ ನಾರು.

"ಮುತ್ಯಾ, ನಿಮ್ಮ ಮನ್ಯಾಗ ಹ್ಯಾಂಗ ತಿಕ್ತಿದ್ರಿ? ಅಡ್ಡಡ್ಡ, ಏನು ದುಂಡಗ?"

"ಹಣಿ ಅಡ್ಡಡ್ಡ. ಗಲ್ಲ ದುಂಡಗ. ನಮ್ಮ ಅವ್ವ ಬಲಗಲ್ಲ ಜರಾ ಜಾಸ್ತಿ ತಿಕ್ತಿದ್ಲು."

"ಯಾಕ್ರಿ?"

"ಯಾಕಂತ ಯಾರು ಕೇಳ್ಯಾರ? ಆಕಿ ಅತ್ತಿನೂ ಹಂಗ ತಿಕ್ತಿದ್ಲಂತ."

ಕಡಿದಾದ ಬಲಗೆನ್ನೆಗೆ ಗೀರು ಹೆಚ್ಚು ಬೇಕೆಂದು ನಾನು ಒಂದು ದಿನ ಅಳೆದೂ ಕಾಣದ್ದನ್ನು ಆ ಅತ್ತೆ ಸೊಸೆ ಕೈಯಲ್ಲೇ ತಿಳಿದಿದ್ದರು ಎಂಬುದು ನನಗೆ ಆಗ ಹೊಳೆಯಿತು. ಇಪ್ಪತ್ತು ನಿಮಿಷದಲ್ಲಿ ಮಿಸ್ತ್ರಿ ನನ್ನ ಜೀವಮಾನದ ಅತ್ಯುತ್ತಮ ನುಣುಪನ್ನು ತೆಗೆದುಹಾಕಿದರು. ಪೂಜಾರಿ ಪಕ್ಕದಲ್ಲಿ ಕೂತು, "ಇನ್ನಾ ಹಾಕು, ಇನ್ನಾ" ಎಂದು ಹುರಿದುಂಬಿಸುತ್ತಿದ್ದರು.

ಮುಖ ತೊಳೆದು ಒರೆಸಿ ಮೇಜಿನ ಮೇಲೆ ಇಟ್ಟರು. ಎಸಳು ಅಂಟಿಸಿದರು. ಏನು ಕೇಳಬೇಕು ಎಂಬ ಪ್ರಶ್ನೆ ಬಂತು. ಗೌಡರು ನನ್ನ ಕಡೆ ನೋಡಿ, ಕೈಮುಗಿದು, ಎಲ್ಲರಿಗೂ ಕೇಳುವಂತೆ ಹೇಳಿದರು. "ಯಪ್ಪಾ, ಈ ಸಾಹೇಬ್ರ ಮಷಿನ್ ಇನ್ನೊಮ್ಮಿ ನಿನ್ನ ಮೈಗೆ ಹಚ್ಚಬೇಕೇನು? ಖರೇ ಹೇಳು."

ಎಸಳು ಬೀಳಲಿಲ್ಲ. ಐದು ನಿಮಿಷ ಆಯಿತು, ಹತ್ತಾಯಿತು. ಫ್ಯಾನು ಇಲ್ಲದ ರಾಯಚೂರಿನ ಮಧ್ಯಾಹ್ನ. ಮೂವರು ಅಧಿಕಾರಿಗಳ ಅಂಗಿ ಬೆನ್ನಿಗೆ ಹತ್ತಿತು. ಮಿಸ್ತ್ರಿ ಕೈಯಲ್ಲಿ ನಾರು ಹಿಡಿದುಕೊಂಡೇ ನಿಂತಿದ್ದರು. ಪೂಜಾರಿಯೊಬ್ಬರೇ ನಿಶ್ಚಿಂತರಾಗಿದ್ದರು. "ಯೋಚನಿ ಮಾಡಾಕತ್ಯಾನ" ಎಂದು ಪಿಸುಗುಟ್ಟಿದರು.

ಇಪ್ಪತ್ತೆರಡನೆಯ ನಿಮಿಷಕ್ಕೆ ಎಡಗಡೆಯ ಎಸಳು ಬಿತ್ತು.

"ಇಲ್ಲಾ ಅಂದ!" ಗೌಡರು ಎದ್ದು ಕುಣಿಯುವುದೊಂದು ಬಾಕಿ. "ಇಲ್ಲಾ ಅಂದ್ನಲೇ ನಮ್ಮಪ್ಪ!" ಮಿಸ್ತ್ರಿಯನ್ನು ತಬ್ಬಿಕೊಂಡರು. ನನ್ನನ್ನು ತಬ್ಬಿಕೊಂಡರು. ಅಧ್ಯಕ್ಷರು ಮೇಜಿನ ಆಚೆ ಇದ್ದದ್ದರಿಂದ ತಪ್ಪಿಸಿಕೊಂಡರು. ಆ ಸಂತೋಷದಲ್ಲೇ ಇನ್ನೊಂದು ಕಾಗದ ಬೇಡಿ ಬರೆದರು: "ಈ ಕಾಲೇಜಿನವರು ನಮ್ಮ ದೇವರ ಮುಖವನ್ನು ಕೆಟ್ಟು ಹೋಗುವಷ್ಟು ಚೆನ್ನಾಗಿ ಮಾಡಿದ್ದರು. ನಾವು ಕೇಳಿದ ಮೇಲೆ ಮೊದಲಿನ ಹಾಗೆ ಮಾಡಿ ಕೊಟ್ಟಿದ್ದಾರೆ. ಎರಡೂ ಕೆಲಸದ ಬಗ್ಗೆ ನಮ್ಮ ತಕರಾರು ಇಲ್ಲ."

ಅಧ್ಯಕ್ಷರು ಅದನ್ನು ಎರಡು ಸಲ ಓದಿದರು. ಆಮೇಲೆ ತಮ್ಮ ಕಡತ ಬಿಚ್ಚಿ ನಿಯಮದ ಮೇಲೆ ಬೆರಳಿಟ್ಟರು. "ಘಟಕದಿಂದ ಎರಡು ಕೆಲಸ ಎಂದಿದೆ. ಯಾವ ದಿಕ್ಕಿಗೆ ಎಂದು ಇಲ್ಲ."

"ಸರ್, ಎರಡನೆಯದನ್ನು ಯಂತ್ರ..." ಎಂದು ನಾನು ಬಾಯಿ ತೆರೆದೆ. ಮಿಸ್ತ್ರಿ ನನ್ನ ಕಾಲು ತುಳಿದರು.

ಎರಡೂ ಪತ್ರಗಳನ್ನು ಕಡತಕ್ಕೆ ಸೇರಿಸಲಾಯಿತು. ಯಂತ್ರ ರಾಯಚೂರಿನಲ್ಲೇ ಉಳಿಯಿತು. ಮಿಸ್ತ್ರಿಯ ನೌಕರಿಯನ್ನು ಮೂರು ವರ್ಷ ಮುಂದುವರಿಸಿ ಆದೇಶ ಬಂತು.